ಮದ್ಮಾಲ್ ಪದವಿನ ಈಶಾನ್ಯ ಪಾಲು

ಮೂಡಬಿದ್ರೆಯಿಂದ ಬೆಳ್ತಂಗಡಿ ಕಡೆಗೆ ಹೋಗುವ ರಸ್ತೆಯಿಂದ ಒಂದೂವರೆ ಮೈಲು ಒಳಗೆ ಮದ್ಮಾಲ್ ಪದವು ಎಂಬ ಜಾಗವಿದೆ. ಮದ್ಮಾಲ್ ಎಂದರೆ ತುಳುವಿನಲ್ಲಿ ಮದುಮಗಳು. ಪದವು ಎಂದರೆ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ಎತ್ತರದ ಬೋಳು ಬಯಲು. ಅದರ ನಡುವೆ ಹದಿನಾಲ್ಕು ಕರಿಕಲ್ಲುಗಳು ದುಂಡಗೆ ನಿಂತಿದ್ದವು. ನಿಂತಿದ್ದವು ಎಂದೇ ಬರೆಯಬೇಕು, ಈಗ ಅಲ್ಲಿ ಒಂದೂ ಇಲ್ಲ. ಇಲ್ಲದಂತಾಗಲು ನಾನೇ ಕಾರಣ. ಆ ಕಲ್ಲುಗಳ ನಡುವೆ ಒಬ್ಬ ಹೆಂಗಸು ತನ್ನ ಹಸುಗೂಸನ್ನು ಮಣ್ಣು ಮಾಡಿದ್ದಳು. ಅದನ್ನು ಉಳಿಸಿಕೊಡುತ್ತೇನೆಂದು ಹೊರಟು ನಾನು ಮಾಡಿಟ್ಟ ಕೆಲಸವನ್ನು ಈವರೆಗೆ ಯಾರ ಹತ್ತಿರವೂ ಹೇಳಿಲ್ಲ.

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷದ ಮಾತು. ಹಳೆಯ ಕಚೇರಿಯಿಂದ ಹೊಸ ಕಚೇರಿಗೆ ಬಂದ ಕಡತಗಳಲ್ಲಿ ಪ್ರಾಚೀನ ಕಲ್ಲುವೃತ್ತಗಳ ಒಂದು ಪಟ್ಟಿ ಇತ್ತು. ಅವುಗಳಲ್ಲಿ ಯಾವುದನ್ನು ಸರಕಾರ ಕಾಪಾಡಬೇಕು, ಯಾವುದನ್ನು ಬಿಡಬಹುದು ಎಂದು ನೋಡಿ ವರದಿ ಕೊಡಬೇಕಾಗಿತ್ತು. ನಾನು ಇಲಾಖೆಯಲ್ಲಿ ನಕ್ಷೆ ಬರೆಯುವವನು. ಅಗೆತದ ಕೆಲಸವನ್ನು ಎರಡು ಕಡೆ ಹತ್ತಿರದಿಂದ ನೋಡಿದ್ದೆ. ಊರು ಬಂಟ್ವಾಳ, ಆ ಕಡೆಯ ದಾರಿಗಳು ಗೊತ್ತು ಎಂಬ ಕಾರಣಕ್ಕೆ ನಮ್ಮ ಸಾಹೇಬರು ಮದ್ಮಾಲ್ ಪದವಿನ ಪರೀಕ್ಷಾ ಅಗೆತವನ್ನು ನನ್ನ ತಲೆಗೆ ಕಟ್ಟಿದರು. ಐದು ವಾರದ ಕೆಲಸ, ಮಳೆಗಾಲಕ್ಕೆ ಮೊದಲು ಮುಗಿಸಬೇಕು. ನನಗೋ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಸಾಹೇಬರು ಕೊಟ್ಟ ಅಚ್ಚಿನ ನಮೂನೆಯಲ್ಲಿ 'ಸ್ಥಳೀಯ ಐತಿಹ್ಯ' ಎಂಬ ಕಲಂ ಇತ್ತು. ಬರೆಯಲು ಎರಡು ಗೆರೆಯಷ್ಟು ಜಾಗ. ಪದವು ಯಾರ ಒಡೆತನದಲ್ಲಿತ್ತೋ ಆ ಗುತ್ತಿನ, ಅಂದರೆ ಊರಿನ ದೊಡ್ಡ ಮನೆಯ, ಯಜಮಾನರಲ್ಲಿಗೆ ಮೊದಲ ದಿನವೇ ಹೋಗಿ, ಚಾವಡಿಯಲ್ಲಿ ಕುಳಿತು ಅದನ್ನು ತುಂಬಿಸಿಕೊಂಡು ಬಂದೆ. ಅವರು ಎರಡು ಕಥೆ ಹೇಳಿದರು. ವನವಾಸದಲ್ಲಿ ಪಾಂಡವರು ಅಡುಗೆಗೆ ಒಲೆ ಹೂಡಿದ ಕಲ್ಲುಗಳು ಅವು ಎಂಬುದು ಒಂದು. ಇನ್ನೊಂದು ಮದುವೆ ದಿಬ್ಬಣದ ಕಥೆ. ಮೂಡಲಿಂದ ಒಂದು ದಿಬ್ಬಣ, ಪಡುವಲಿಂದ ಒಂದು ದಿಬ್ಬಣ ಪದವಿನಲ್ಲಿ ಎದುರಾದವಂತೆ. ನೀವು ದಾರಿ ಬಿಡಿ, ನೀವು ಬಿಡಿ ಎಂದು ಮಾತು ಬೆಳೆದು ಕಡಿದಾಡಿಕೊಂಡು ಎಲ್ಲರೂ ಸತ್ತು ಕಲ್ಲಾದರು, ಮದುಮಗಳೊಬ್ಬಳು ನಡುವೆ ನಿಂತು ಅತ್ತು ಅತ್ತು ನೆಲಕ್ಕಿಳಿದಳು ಎಂದರು. ನಾನು ಎರಡನ್ನೂ ಎರಡು ಗೆರೆಯಲ್ಲಿ ಅಡಕಿಸಿ ಬರೆದೆ. ಐತಿಹ್ಯದ ಕೆಲಸ ಮುಗಿಯಿತು ಎಂದುಕೊಂಡೆ.

ಅಗೆತಕ್ಕೆ ಎಂಟು ಮಂದಿ ಸಿಕ್ಕಿದರು, ಮೂವರು ಗಂಡಸರು, ಐವರು ಹೆಂಗಸರು. ಎಲ್ಲರೂ ಪದವಿನ ಕೆಳಗಿನ ಗುಡಿಸಲುಗಳವರು. ಅವರಿಗೂ ಕಥೆ ಗೊತ್ತಿದೆಯೇ ಎಂದು ಒಮ್ಮೆ ಕೇಳಿದೆ. "ನಮಗೆ ಗೊತ್ತಿಲ್ಲ ಧನಿ" ಎಂದರು. ಕೇಳಿದ್ದು ಕನ್ನಡದಲ್ಲಿ. ಇಲ್ಲಿ ನನ್ನ ಒಂದು ಹುಳುಕನ್ನು ಹೇಳಲೇಬೇಕು. ನನ್ನ ಮನೆಮಾತು ತುಳು. ಅಮ್ಮ ಸಾಯುವವರೆಗೂ ನನ್ನ ಜೊತೆ ಒಂದು ಕನ್ನಡ ಶಬ್ದ ಆಡಿದವಳಲ್ಲ. ಆದರೆ ಸರಕಾರಿ ಕೆಲಸ ಸಿಕ್ಕಿದ ಮೇಲೆ ಕೂಲಿಯವರೊಡನೆ ತುಳು ಆಡುವುದನ್ನು ಬಿಟ್ಟಿದ್ದೆ. ಕನ್ನಡ ಆಡಿದರೆ ಕೆಲಸ ಚುರುಕಾಗಿ ನಡೆಯುತ್ತದೆ, ಸಲಿಗೆ ಬೆಳೆಯುವುದಿಲ್ಲ ಎಂದು ನನ್ನ ಲೆಕ್ಕಾಚಾರ. ನಾನೊಬ್ಬನೇ ಅಲ್ಲ, ನಮ್ಮ ಕಡೆ ಕುರ್ಚಿ ಸಿಕ್ಕಿದವರೆಲ್ಲ ಮಾಡುವ ಕೆಲಸ ಅದು. ಬೂಟು ಹಾಕಿದ ಹಾಗೆ ಕನ್ನಡವನ್ನೂ ಹಾಕಿಕೊಳ್ಳುತ್ತೇವೆ.

ಮೊದಲ ವಾರ ಅಳತೆ. ಪದವಿನ ಅಂಚಿನಲ್ಲಿ ಗಡಿ ತೋರಿಸುವ ಸರ್ವೆ ಕಲ್ಲು ಒಂದಿತ್ತು. ಅದನ್ನು ಮೂಲವಾಗಿಟ್ಟುಕೊಂಡು ಸರಪಳಿ ಎಳೆದು, ಪ್ಲೇನ್ ಟೇಬಲ್ ಎಂಬ ಮುಕ್ಕಾಲಿನ ನಕ್ಷೆಹಲಗೆಯ ಮೇಲೆ ಹದಿನಾಲ್ಕು ಕಲ್ಲುಗಳನ್ನು ಒಂದೊಂದಾಗಿ ಗುರುತಿಸಿದೆ. ವೃತ್ತದ ಅಡ್ಡಗಲ ಮೂವತ್ತೆಂಟು ಅಡಿ. ನೆಲ ಪೂರಾ ಮುರಕಲ್ಲು, ನಿಂತ ಕಲ್ಲುಗಳು ಮಾತ್ರ ಕರಿಕಲ್ಲು. ಅವುಗಳನ್ನು ಯಾರೋ ಬಹಳ ದೂರದಿಂದ ಎಳೆದು ತಂದಿರಬೇಕು. ಆಮೇಲೆ ವೃತ್ತಕ್ಕೆ ಅಡ್ಡಡ್ಡ ಹಗ್ಗ ಕಟ್ಟಿ ನಾಲ್ಕು ಪಾಲು ಮಾಡಿದೆ. ಇಂಥ ಜಾಗದಲ್ಲಿ ಎದುರುಬದುರಿನ ಎರಡು ಪಾಲು ಅಗೆದು, ಉಳಿದ ಎರಡನ್ನು ಮುಟ್ಟದೆ ಬಿಡುವುದು ಕ್ರಮ. ಪಾಲುಗಳ ನಡುವೆ ಎರಡಡಿ ಅಗಲದ ಮಣ್ಣಿನ ಕಟ್ಟೆ ಹಾಗೆಯೇ ಉಳಿಯಬೇಕು, ಮಣ್ಣಿನ ಪದರಗಳು ಅದರ ಮೈಯಲ್ಲಿ ಕಾಣುತ್ತವೆ. ನಾನು ಆರಿಸಿಕೊಂಡದ್ದು ನೈರುತ್ಯ ಮತ್ತು ಈಶಾನ್ಯದ ಪಾಲುಗಳನ್ನು.

ನೈರುತ್ಯದ ಪಾಲು ಎರಡನೆಯ ವಾರ ಶುರುವಾಯಿತು. ಗಂಡಸರು ಪಿಕ್ಕಾಸಿನಿಂದ ಮೇಲಿನ ಗಟ್ಟಿ ಪದರ ಬಿಡಿಸುವುದು, ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತು ಜರಡಿಗೆ ಸುರಿಯುವುದು. ಆರಾರು ಇಂಚಿಗೆ ನಿಲ್ಲಿಸಿ ನಾನು ಮಟ್ಟ ನೋಡಿ ಪುಸ್ತಕದಲ್ಲಿ ಬರೆಯುವುದು. ಎರಡೂವರೆ ಅಡಿಯಲ್ಲಿ ಹೊರಗೆ ಕೆಂಪು, ಒಳಗೆ ಕಪ್ಪು ಇರುವ ಮಡಕೆಯ ಚೂರುಗಳು ಬಂದವು. ಇಷ್ಟು ಹಳೆಯ ಮಡಕೆ ಬಂದರೆ ನಡುವೆ ಕಲ್ಲುಚಪ್ಪಡಿಯ ಸಮಾಧಿ ಕೋಣೆ ಇರಲೇಬೇಕು, ಅದರ ಬಾಯಿ ಈಶಾನ್ಯದ ಪಾಲಿನಲ್ಲಿ ಸಿಗಬೇಕು.

ಈಶಾನ್ಯದ ಸುದ್ದಿ ಎತ್ತಿದಾಗಲೆಲ್ಲ ಕೂಲಿಯವರ ಮುಖ ಸಪ್ಪಗಾಗುತ್ತಿತ್ತು. ಒಮ್ಮೆ ಗಂಡಸರಲ್ಲಿ ಹಿರಿಯವನು ಬಂದು, ಅದರ ಬದಲು ವಾಯವ್ಯದ್ದನ್ನು ಅಗೆಯುವ, ಅಲ್ಲಿ ಮಣ್ಣು ಮೆತ್ತಗುಂಟು ಎಂದ. ಇನ್ನೊಮ್ಮೆ ಆ ಬದಿ ಹಾವಿನ ಹುತ್ತ ಉಂಟು ಎಂದ. ನೋಡಿದರೆ ಹುತ್ತವಿಲ್ಲ. ಹೆಂಗಸರಲ್ಲಿ ಒಬ್ಬಳು, ಮೂವತ್ತರ ಆಸುಪಾಸಿನವಳು, ಮಾತು ಬಹಳ ಕಡಿಮೆ. ಮಣ್ಣು ಹೊತ್ತು ಬರುವಾಗ ಎಲ್ಲರೂ ಈಶಾನ್ಯದ ಪಾಲನ್ನು ಅಡ್ಡ ದಾಟಿದರೆ ಇವಳು ಕಲ್ಲುಗಳ ಹೊರಗಿನಿಂದ ಸುತ್ತಿ ಬರುತ್ತಿದ್ದಳು. ಬಿಸಿಲಲ್ಲಿ ಯಾಕೆ ಸುತ್ತುತ್ತಿ ಎಂದು ಗದರಿದೆ. ಆಯ್ತು ಧನಿ ಎಂದಳು, ಮತ್ತೆ ಸುತ್ತಿಯೇ ಬಂದಳು. ಕೆಲಸಗಳ್ಳತನ ಎಂದು ನಾನು ತೀರ್ಮಾನಿಸಿದೆ.

ಮೂರನೆಯ ವಾರದ ಕೊನೆಗೆ ಅಕಾಲದ ಮಳೆ ಹೊಡೆಯಿತು. ಒಂದೇ ಮಧ್ಯಾಹ್ನದಲ್ಲಿ ಹೊಂಡ ತುಂಬಿ, ಜೋಪಾನ ಮಾಡಿದ್ದ ಮಣ್ಣಿನ ಕಟ್ಟೆ ಎರಡು ಕಡೆ ಕುಸಿದು, ಪದರಗಳೆಲ್ಲ ಒಂದಾಗಿ ಹೋದವು. ನೀರು ಎತ್ತಿ ಹಾಕುವುದರಲ್ಲಿ ನಾಲ್ಕು ದಿನ ಹೋಯಿತು. ಅಷ್ಟರಲ್ಲಿ ಸಾಹೇಬರ ಕಾಗದ ಬಂತು. ಹತ್ತು ದಿನದಲ್ಲಿ ಅವರೇ ಬರುತ್ತಾರೆ, ನಡುಕೋಣೆ ತೆರೆದಿಟ್ಟಿರಬೇಕು, ಇಲ್ಲವಾದರೆ ಈ ಜಾಗವನ್ನು ಪಟ್ಟಿಯಿಂದ ತೆಗೆಯುವುದು ಎಂದು ಬರೆದಿದ್ದರು. ನಾಳೆಯಿಂದ ಈಶಾನ್ಯ ಎಂದು ನಾನು ಘೋಷಿಸಿದೆ.

ಮರುದಿನ ಬೆಳಿಗ್ಗೆ ಪದವಿಗೆ ಬಂದವಳು ಅವಳೊಬ್ಬಳೇ. ಉಳಿದ ಏಳು ಜನಕ್ಕೂ ಜ್ವರವಂತೆ. ನನಗೆ ಸಿಟ್ಟು ನೆತ್ತಿಗೇರಿತು. ಜ್ವರ ಬಂದರೆ ಬರಲಿ, ನಾನೇ ಅಗೆಯುತ್ತೇನೆ ಎಂದು ಕನ್ನಡದಲ್ಲೇ ಕೂಗಾಡಿ ಪಿಕ್ಕಾಸು ಎತ್ತಿದೆ. ಅವಳು ಬುಟ್ಟಿಯನ್ನು ಕೆಳಗಿಟ್ಟು ಉತ್ತರದ ಕಲ್ಲಿನ ಪಕ್ಕ ನಿಂತಳು. ನೆರಳಿಗೆ ನಿಂತಿದ್ದಾಳೆ ಎಂದು ನಾನು ತಿಳಿದೆ.

ಉತ್ತರದ ಕಲ್ಲಿನಿಂದ ಆಗ್ನೇಯಕ್ಕೆ ಹನ್ನೊಂದು ಅಡಿ ದೂರದಲ್ಲಿ ಮಣ್ಣಿನ ಬಣ್ಣ ಬದಲಾಯಿತು. ಸುತ್ತ ಇಟ್ಟಿಗೆ ಕೆಂಪು, ನಡುವೆ ಎರಡಡಿ ಉದ್ದದ ಒಂದು ಕಂದು ತೇಪೆ. ಯಾರೋ ಹಿಂದೆ ಅಗೆದು ಮುಚ್ಚಿದ ಗುರುತು ಅದು. ಪಿಕ್ಕಾಸು ಬಿಟ್ಟು ಕರಣೆ ಹಿಡಿದು ಮಂಡಿಯೂರಿದೆ. ಒಂದಡಿ ಹತ್ತು ಇಂಚಿಗೆ ಮುರಕಲ್ಲಿನ ಒಂದು ಬಿಲ್ಲೆ ಸಿಕ್ಕಿತು. ಎತ್ತಿದೆ. ಕೆಳಗೆ ನುಣ್ಣನೆಯ ಮಣ್ಣು, ಅದರಲ್ಲಿ ಸಾಲಾಗಿ ಕರಿಮಣಿಗಳು. ಎರಡು ಸಾವಿರ ವರ್ಷದ ಮಣಿಗಳು ಎಂದುಕೊಂಡೆ. ಆ ಸಂತೋಷ ಅರೆ ನಿಮಿಷವೂ ಇರಲಿಲ್ಲ. ಮಣಿಗಳ ಪಕ್ಕದಲ್ಲಿ ತುಕ್ಕು ಹಿಡಿದ ಒಂದು ಸೇಫ್ಟಿ ಪಿನ್ನು ಇತ್ತು, ಅದಕ್ಕೆ ಅಂಟಿಕೊಂಡು ಒಂದು ಚೂರು ಬಟ್ಟೆ. ಮುರಕಲ್ಲಿನ ಮಣ್ಣಿನಲ್ಲಿ ಎಳೆಯ ಎಲುಬು ಬಾಳುವುದಿಲ್ಲ. ಉಳಿಯುವುದು ಇಂಥದ್ದೇ.

ತಲೆ ಎತ್ತಿದೆ. ಅವಳು ನಿಂತ ಜಾಗದಿಂದ ಕದಲಿರಲಿಲ್ಲ.

"ಅವು ಎನ್ನ ಬಾಲೆ" ಎಂದಳು. ಅದು ನನ್ನ ಮಗು ಎಂದು.

ನಾನು ಕರಣೆಯನ್ನು ಕೆಳಗಿಟ್ಟೆ. ಆಗ ಬಾಯಿಂದ ಬಂದದ್ದು ತುಳು. ಮೊದಲೇ ಹೇಳಬಾರದಿತ್ತಾ ಅಕ್ಕ ಎಂದು ಕೇಳಿದೆ. ಅವಳು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಇಷ್ಟು:

"ನೀವು ಕೇಳಿದ್ದು ಕನ್ನಡದಲ್ಲಿ ಧನಿ. ಕನ್ನಡದಲ್ಲಿ ಕೇಳುವುದು ಸರಕಾರ. ಇದು ಸರಕಾರಕ್ಕೆ ಹೇಳುವಂಥದ್ದಲ್ಲ."

ಆಮೇಲೆ ಅವಳು ಕುಳಿತು, ಚಾವಡಿಯಲ್ಲಿ ನನಗೆ ಸಿಗದ ಕಥೆಯನ್ನು ಹೇಳಿದಳು. ದಿಬ್ಬಣಗಳು ಕಡಿದಾಡಿ ಸತ್ತದ್ದು ಹೌದು. ನಡುವೆ ಉಳಿದ ಮದುಮಗಳಿಗೆ ಗಂಡನೂ ಇಲ್ಲ, ಮಕ್ಕಳೂ ಇಲ್ಲ. ಅದಕ್ಕೆ, ಹಲ್ಲು ಬರುವ ಮೊದಲೇ ತೀರಿಹೋದ ಕೂಸುಗಳನ್ನು ಕೆಳಗಿನ ಗುಡಿಸಲಿನವರು ಅವಳ ಮಡಿಲಿಗೆ ಹಾಕುತ್ತಾರೆ. ಅವಳು ಸಾಕುತ್ತಾಳೆ. ಕೂಸಿಗೆ ಪ್ರಾಯ ಬಂದಾಗ, ಅಂದರೆ ಬದುಕಿದ್ದರೆ ಯಾವ ವರ್ಷ ಮದುವೆಯಾಗುತ್ತಿತ್ತೋ ಆ ವರ್ಷ, ಹಾಗೆಯೇ ತೀರಿಹೋದ ಒಂದು ಗಂಡು ಹುಡುಕಿ ಮದುವೆ ಮಾಡಿ ಅವಳ ಮಡಿಲಿನಿಂದ ಬಿಡಿಸಿಕೊಳ್ಳುತ್ತಾರೆ. ಸತ್ತವರ ಮದುವೆಯನ್ನು ನಮ್ಮ ಕಡೆ ಕುಲೆ ಮದಿಮೆ ಎನ್ನುತ್ತಾರೆ, ನಮ್ಮ ಮನೆತನದಲ್ಲೇ ಒಂದಾಗಿತ್ತು. ಕೂಸಿನ ಸುದ್ದಿಯನ್ನು ಹೊರಗಿನವರಿಗೆ ಹೇಳಬಾರದು. ಅದಕ್ಕೇ ಯಾರೂ ಹೇಳಲಿಲ್ಲ. ಇವಳ ಕೂಸು ಹೆಣ್ಣು, ಐದು ತಿಂಗಳದ್ದು, ಹೋಗಿ ಏಳು ವರ್ಷ. ಕದಲಿಸಿದ ಕೂಸು ದಾರಿ ತಪ್ಪುತ್ತದೆ, ಆಮೇಲೆ ಮದುವೆಗೆ ಕರೆದರೆ ಬರುವುದಿಲ್ಲ ಎಂದಳು. ಇದನ್ನೆಲ್ಲ ಹೇಳುವಾಗ ಅವಳು ಅಳಲಿಲ್ಲ, ಅತ್ತವನು ನಾನು.

ನಿಯಮದ ಪ್ರಕಾರ ಈಚಿನ ಸಮಾಧಿ ಸಿಕ್ಕಿತು ಎಂದು ಬರೆಯಬೇಕು. ಬರೆದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಘಟ್ಟದ ಮೇಲೆ ಒಂದು ಕಡೆ ಹೀಗೆಯೇ ಸಿಕ್ಕಿದಾಗ ಸಾಹೇಬರು, ಈಚಿನದನ್ನು ತೆಗೆದು ಆಚೆ ಹಾಕಿ ಕೆಲಸ ಮುಂದುವರಿಸಿ ಎಂದಿದ್ದರು. ನಾನೇ ಅಲ್ಲಿ ಅಳತೆಪಟ್ಟಿ ಹಿಡಿದು ನಿಂತಿದ್ದೆ. ಬರೆಯದಿದ್ದರೂ ಕೋಣೆಯ ಬಾಯಿ ಹುಡುಕುತ್ತ ಅವರು ಈ ಪಾಲನ್ನು ಅಗೆಸಿಯೇ ಅಗೆಸುತ್ತಾರೆ. ಅಗೆಯದೆ ಬಿಡಬೇಕಾದರೆ ಇಲ್ಲಿ ಏನೂ ಇಲ್ಲ ಎಂದು ಅವರಿಗೆ ಖಾತ್ರಿಯಾಗಬೇಕು.

ಬಿಲ್ಲೆಯನ್ನು ಇದ್ದಲ್ಲಿಯೇ ಇಟ್ಟೆ. ಅವಳು ಮಣ್ಣು ಎಳೆದು ಕೊಟ್ಟಳು, ನಾನು ಕೈಯಲ್ಲೇ ತುಂಬಿ ತಟ್ಟಿದೆ. ಪುಸ್ತಕದಿಂದ ಆ ದಿನದ ಹಾಳೆಯನ್ನು ಹರಿದು ಸುಟ್ಟೆ. ಕಪ್ಪು ಕೆಂಪು ಮಡಕೆಯ ಚೂರುಗಳನ್ನು ನೈರುತ್ಯದ ಹೊಂಡಕ್ಕೆ ವಾಪಸು ಹಾಕಿ, ನಾಲ್ಕೇ ನಾಲ್ಕು ಸವೆದ ಚೂರುಗಳನ್ನು ಪೊಟ್ಟಣ ಕಟ್ಟಿದೆ. ಮಳೆಗೆ ಕುಸಿದ ಕಟ್ಟೆ ಈಗ ನನ್ನ ಸಹಾಯಕ್ಕೆ ಬಂತು. ನಿಧಿ ಹುಡುಕುವವರು ಹಿಂದೆಯೇ ನಡುಭಾಗವನ್ನು ಬಗೆದುಹಾಕಿದ್ದಾರೆ, ಪದರಗಳು ಕಲಸಿಹೋಗಿವೆ, ಜಾಗಕ್ಕೆ ಮಹತ್ವವಿಲ್ಲ, ಮುಂದಿನ ಕೆಲಸ ಅನವಶ್ಯ ಎಂದು ವರದಿ ಬರೆದೆ. ಸಾಹೇಬರು ಬಂದರು, ಕುಸಿದ ಮಣ್ಣನ್ನು ಕೊಡೆಯ ತುದಿಯಿಂದ ಕೆದಕಿದರು, ಐದು ವಾರ ದಂಡ ಮಾಡಿದೆ ಎಂದು ಎಲ್ಲರೆದುರು ನನ್ನನ್ನು ಹಿಗ್ಗಾಮುಗ್ಗಾ ಬೈದರು, ವರದಿಗೆ ರುಜು ಹಾಕಿದರು. ಬೈಸಿಕೊಳ್ಳುವಾಗ ನನಗೆ ಒಳಗೊಳಗೇ ಹೆಮ್ಮೆ. ಹೊರಡುವಾಗ ಅವಳು ದೂರದಿಂದ ಕೈ ಮುಗಿದಳು. ಸೇವೆಯಲ್ಲಿ ಒಂದಾದರೂ ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು ಮೂಡಬಿದ್ರೆಯಲ್ಲಿ ಬಸ್ಸು ಹತ್ತಿದೆ.

ಒಂಬತ್ತು ವರ್ಷ ನಾನು ಬೇರೆ ಜಿಲ್ಲೆಗಳಲ್ಲಿ ಸುತ್ತಿದೆ. ಹತ್ತನೆಯ ವರ್ಷ ರಜೆಯಲ್ಲಿ ಬಂಟ್ವಾಳದ ಮನೆಗೆ ಬಂದಿದ್ದಾಗ ಒಂದು ಬೆಳಿಗ್ಗೆ ಅವಳು ಅಂಗಳದಲ್ಲಿ ನಿಂತಿದ್ದಳು. ತಲೆ ಅರ್ಧ ನರೆತಿತ್ತು. ಮಗಳಿಗೆ ಪ್ರಾಯ ಬಂತು ಧನಿ ಎಂದಳು. ಗಂಡು ಸಿಕ್ಕಿತ್ತು, ವೇಣೂರು ಕಡೆಯದು, ನಾಲ್ಕು ವರ್ಷವಿದ್ದಾಗ ಜ್ವರದಲ್ಲಿ ಹೋದದ್ದು. ಬದುಕಿದ್ದವರ ಮದುವೆ ನಡೆಯದ ಆಟಿ ತಿಂಗಳಲ್ಲಿ, ಮಳೆಗಾಲದ ನಡುವೆ, ಮದುವೆ. ಹುಡುಗಿ ಮಲಗಿದ ಜಾಗದ ಒಂದು ಹಿಡಿ ಮಣ್ಣನ್ನು ಮಣೆಯ ಮೇಲೆ ಇಡುವುದು ಅವರ ಕ್ರಮ. ಆದರೆ ಗಂಡಿನ ಕಡೆಯ ಹಿರಿಯರು ಒಪ್ಪುತ್ತಿಲ್ಲ. ಗುರುತಿಗೆ ಕಲ್ಲುಗಳೇ ಇಲ್ಲ, ತಾಯಿ ತೋರಿಸಿದ ಕಡೆಯನ್ನೆಲ್ಲ ನಂಬುವುದು ಹೇಗೆ, ಅಳತೆ ಮಾಡಿದವರು ಬಂದು ತೋರಿಸಲಿ ಎನ್ನುತ್ತಾರೆ.

ಕಲ್ಲುಗಳು ಇಲ್ಲ ಎಂಬುದು ನನಗೆ ತಿಳಿದದ್ದು ಆಗ. ಪದವಿಗೆ ಹೋಗುವ ದಾರಿಯಲ್ಲಿ ಗುತ್ತಿನ ಯಜಮಾನರಲ್ಲಿ ಹೊಕ್ಕು ಕೇಳಿದೆ. ಹೊಸ ರಸ್ತೆಗೆ ಜಲ್ಲಿ ಮತ್ತು ಮುರಮಣ್ಣು ಬೇಕಿತ್ತಂತೆ. ಕಂಟ್ರಾಕ್ಟರ್ ಕೇಳಿದಾಗ ಅವರು ಮೊದಲು ಹಿಂಜರಿದರಂತೆ, ಕಚೇರಿಗೆ ಬರೆದು ವಿಚಾರಿಸಿದರಂತೆ.

"ಮಹತ್ವ ಇಲ್ಲ ಅಂತ ನಿಮ್ಮ ರಿಪೋರ್ಟೇ ಉಂಟಲ್ಲ ಮಾರಾಯ್ರೆ" ಎಂದರು. "ಇಲ್ಲದಿದ್ದರೆ ನಾನು ಮುಟ್ಲಿಕ್ಕೆ ಬಿಡ್ತಿದ್ದೆನಾ?"

ಅವರ ಮಾತಿನಲ್ಲಿ ಕುಹಕವಿರಲಿಲ್ಲ. ನಾನು ಚಹಾ ಕುಡಿಯದೆ ಎದ್ದೆ.

ಪದವಿನಲ್ಲಿ ಗಂಡಿನ ಕಡೆಯ ಇಬ್ಬರು ಹಿರಿಯರು ಕಾದಿದ್ದರು. ನನ್ನ ಚೀಲದಲ್ಲಿ ಹಳೆಯ ನಕ್ಷೆಯ ಒಂದು ಪ್ರತಿ ಮತ್ತು ಅಳತೆಪಟ್ಟಿ ಇತ್ತು. ಮೂಲಕ್ಕೆ ಸರ್ವೆ ಕಲ್ಲನ್ನು ಹುಡುಕಿದೆ. ಸಿಕ್ಕಿತು. ಗಡಿಕಲ್ಲನ್ನು ಕೀಳಬಾರದೆಂದು ಅದರ ಸುತ್ತ ಒಂದು ಗುಪ್ಪೆ ಮಣ್ಣು ಬಿಟ್ಟು ಉಳಿದ ನೆಲವನ್ನೆಲ್ಲ ಕೆರೆದುಕೊಂಡು ಹೋಗಿದ್ದರು. ಹಿಂದೆ ನೆಲಕ್ಕೆ ಸಮನಾಗಿದ್ದ ಅದರ ಬುಡ ಈಗ ನನ್ನ ಸೊಂಟದ ಹತ್ತಿರ ಇತ್ತು. ಪಟ್ಟಿ ಇಟ್ಟು ನೋಡಿದೆ, ಮೂರಡಿ ಎರಡು ಇಂಚು. ಮಗು ಇದ್ದದ್ದು ಎರಡಡಿಯ ಒಳಗೆ.

ಹಾಳೆ ಹರಿದರೂ ಆ ಹನ್ನೊಂದು ಅಡಿ ನನ್ನ ತಲೆಯಿಂದ ಹೋಗಿರಲಿಲ್ಲ. ನಕ್ಷೆಯಿಂದ ಉತ್ತರದ ಕಲ್ಲಿನ ಜಾಗ ಹಿಡಿದೆ, ಅಲ್ಲಿಂದ ಆಗ್ನೇಯಕ್ಕೆ ಪಟ್ಟಿ ಎಳೆದೆ, ಗೂಟ ಹೊಡೆದೆ. ಅಡ್ಡ, ಉದ್ದ ಎರಡೂ ಸರಿಯಾಗಿದ್ದವು. ಆ ಜಾಗದ ಮೇಲಿನ ಮೂರಡಿ ಮಣ್ಣು ಮಾತ್ರ ಗಾಡಿಗಳಲ್ಲಿ ರಸ್ತೆಗೆ ಹೋಗಿ, ರೋಲರಿನ ಕೆಳಗೆ ಬಿದ್ದಿತ್ತು. ಹಿರಿಯರು ಇದೇಯಾ ಎಂದು ಕೇಳಿದರು. ನಾನು ಅವಳ ಮುಖ ನೋಡಲಿಲ್ಲ.

"ಇದೇ ಜಾಗ. ನಾನು ಅಳೆದದ್ದು, ತಪ್ಪುವುದಿಲ್ಲ" ಎಂದೆ, ತುಳುವಿನಲ್ಲಿ.

ಅವಳು ಮಂಡಿಯೂರಿ, ಒಂದು ಹಿಡಿ ಗಟ್ಟಿ ಕೆಂಪು ಮಣ್ಣನ್ನು ಉಗುರಿನಿಂದ ಕೆರೆದು, ಹೊಸ ಬಟ್ಟೆಯ ತುಂಡಿನಲ್ಲಿ ಕಟ್ಟಿಕೊಂಡಳು. ಯಾರ ಕೂಸೂ ಎಂದೂ ಮುಟ್ಟದ ಮಣ್ಣು ಅದು. ಹಿರಿಯರು ನನಗೆ ಕೈ ಮುಗಿದರು.

ಮದುವೆಗೆ ನಾನು ಹೋಗಲೇಬೇಕಾಯಿತು. ಎರಡು ಮಣೆ, ಒಂದರ ಮೇಲೆ ಸೀರೆ, ಬಳೆ, ಆ ಮಣ್ಣಿನ ಗಂಟು. ಇನ್ನೊಂದರ ಮೇಲೆ ಪಂಚೆ, ಶಲ್ಯ. ಧಾರೆ ಎರೆದರು. ಹೆಂಗಸರು ಸೀರೆಯ ಮಡಿಕೆಯನ್ನು ಸರಿಮಾಡಿದರು, ನಿಜವಾಗಿ ಒಬ್ಬಳು ಉಟ್ಟು ಕುಳಿತ ಹಾಗೆ. ಬಾಳೆಲೆಯಲ್ಲಿ ಬಡಿಸಿದ್ದನ್ನು ನಾನು ಹೇಗೋ ನುಂಗಿದೆ. ಹೊರಡುವಾಗ ಅವಳು ಅಂಗಳದ ತುದಿಯ ತನಕ ಬಂದಳು. ನನಗೆ ತಡೆಯಲಾಗಲಿಲ್ಲ, ಅಕ್ಕ, ಒಂದು ವಿಷಯ ಹೇಳಬೇಕಿತ್ತು ಎಂದು ಬಾಯಿ ತೆರೆದೆ. ಅವಳು ತಲೆಯಾಡಿಸಿ ತಡೆದಳು.

"ಬೇಡ ಧನಿ, ನನಗೆ ಗೊತ್ತುಂಟು. ನೀವು ಹೇಳಿದ್ರಿ ಅಂತ ಅವರು ಒಪ್ಪಿದರು, ಅಷ್ಟು ಸಾಕು. ರಸ್ತೆಯವರು ಆ ಪಾಲು ಅಗೆಯುವ ದಿನ ನಾನೇ ಕೆಲಸಕ್ಕೆ ಹೋಗಿದ್ದೆ. ಬೇರೆಯವರು ಹೊರುವುದು ಬೇಡ ಅಂತ ಅಲ್ಲಿಯದ್ದನ್ನು ನಾನೊಬ್ಬಳೇ ಹೊತ್ತೆ."

ಎಲ್ಲಿ ಸುರಿದೆ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.